ಸಮಾಧಾನ ತರಲು ಹೋದ ಜವರಪ್ಪ

ಕಾಲು ಚಾಚಿದೋರು ಮಡಚ್ಕೊಳ್ಳಿ, ಹಿಂದೆ ಕೂತೋರು ಮುಂದಕ್ಕೆ ಬನ್ನಿ. ಹೇಳ್ತೀನಿ ಕೇಳಿ.

ಸಂಪಿಗೆಕೊಪ್ಪಲು ಅಂತ ಒಂದೂರು. ಆ ಊರಲ್ಲಿ ಹೊಂಬಾಳಮ್ಮ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಜವರಪ್ಪ. ಮೈಯಲ್ಲಿ ಜೋಡೆತ್ತಿನ ಬಲ, ತಲೆಯಲ್ಲಿ ಒಂಟೆತ್ತಿನಷ್ಟೂ ಬುದ್ಧಿ ಇಲ್ಲ. ಹಾಗಂತ ಕೆಟ್ಟವನಲ್ಲ. ಅವ್ವನ ಮಾತು ಯಾವತ್ತೂ ಮೀರಿದವನಲ್ಲ. ಅಲ್ಲೇ ಬಂತು ನೋಡಿ ತಾಪತ್ರಯ! ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ. "ಹಾಲಿನ ಮೇಲೆ ಕಣ್ಣಿಟ್ಟಿರು" ಅಂದರೆ ಪಾತ್ರೆಗೆ ಮುಖ ಒಡ್ಡಿ ಹುಬ್ಬು ಸುಟ್ಕೊಳ್ಳೋನು. "ನಿನ್ನ ಕಟ್ಕೊಂಡು ನಾನು ಏನ್ಮಾಡ್ಲಿ!" ಅಂತ ಅವ್ವ ಹಣೆ ಚಚ್ಕೊಂಡರೆ, "ನನ್ನ ಕಟ್ಟಿಲ್ವಲ್ಲವ್ವಾ, ಬಿಚ್ಚೇ ಇದೀನಲ್ಲ!" ಅನ್ನೋನು.

ಹೊಂಬಾಳಮ್ಮ ಚಕ್ಕುಲಿ, ಕೋಡುಬಳೆ ಕರಿದು ಮಾರೋಳು. ಕೈರುಚಿ ಚೆನ್ನಾಗಿತ್ತು, ವ್ಯಾಪಾರಾನೂ ಚೆನ್ನಾಗಿತ್ತು. ಗಂಡ ತೀರಿಕೊಂಡು ಹತ್ತು ವರ್ಷ. ಆವತ್ತಿಂದ ಅವಳಿಗೊಂದು ಸಂಕಟ. ಜ್ವರ ಅಲ್ಲ, ನೆಗಡಿ ಅಲ್ಲ. ಎದೆಯೊಳಗೆ ಏನೋ ಖಾಲಿ ಖಾಲಿ. ಏನಾದರೂ ಒಂದು ಕೊಂಡು ತಂದರೆ ಆ ಖಾಲಿ ತುಂಬಿದ ಹಾಗಾಗೋದು. ಸ್ಟೀಲ್ ಡಬ್ಬ ತಂದಳು. ಎರಡು ದಿನ ಸಮಾಧಾನ, ಮೂರನೇ ದಿನ ಖಾಲಿ. ಮಿಕ್ಸಿ ತಂದಳು. ಎರಡು ದಿನ ಸಮಾಧಾನ, ಮೂರನೇ ದಿನ ಖಾಲಿ. ಬೀರು ತಂದಳು. ಬೀರು ಬರಿದಾಗಿದೆ ಅಂತ ಸೀರೆ ತಂದಳು. ಸೀರೆ ಹೆಚ್ಚಾಯ್ತು ಅಂತ ಇನ್ನೊಂದು ಬೀರು ತಂದಳು. ಎರಡನೇ ಬೀರು ಇಡೋಕೆ ಜಾಗ ಸಾಲದೆ ಹಿತ್ತಲ ಕಡೆ ಕಿಟಕಿಗೇ ಅಡ್ಡ ಇಟ್ಟಳು. ಕೊನೆಗೆ ಮನೆಯೊಳಗೆ ಕಾಲಿಡೋಕೆ ಜಾಗ ಇಲ್ಲ! ಸಾಮಾನೆಲ್ಲ ಒಳಗೆ ಬೆಚ್ಚಗೆ, ಅವ್ವ ಮಗ ಇಬ್ಬರೂ ಹೊರಗೆ ಜಗಲಿ ಮೇಲೆ.

ಒಂದು ದಿನ ಎದುರು ಮನೆ ರುದ್ರಾಣಿ ಮನೆಗೆ ಹೊಸ ಗ್ರೈಂಡರ್ ಬಂತು. ಹೊಂಬಾಳಮ್ಮ ಜಗಲಿಯಿಂದ ನೋಡಿದಳು. ಆಯ್ತು! ಚಕ್ಕುಲಿ ಹಿಟ್ಟು ಕಲಸೋ ಕೈ ನಿಂತೇ ಹೋಯ್ತು.

"ಲೋ ಜವರಾ! ಅಂಥದ್ದೊಂದು ಬರೋಗಂಟ ನಂಗೆ ಸಮಾಧಾನ ಇಲ್ಲ ಕಣ್ಲಾ! ನಾನೇ ಹೋಗೋಣ ಅಂದ್ರೆ ಕಾಲು ಉಳುಕೈತೆ. ತಗೋ ದುಡ್ಡು. ಪೇಟೆಗೆ ಹೋಗು, ನಂಗೆ ಸಮಾಧಾನ ಆಗೋದನ್ನ ತಗೊಂಡು ಬಾ!"

"ಹಂಗೇ ಆಗ್ಲಿ ಕಣವ್ವ."

ಹೊರಟ. ದಾರಿ ಉದ್ದಕ್ಕೂ "ಸಮಾಧಾನ, ಸಮಾಧಾನ" ಅಂತ ಗಟ್ಟಿ ಮಾಡ್ಕೊಂಡ. ಮೊದಲು ಅಕ್ಕಿ ಅಂಗಡಿ.

"ಅಣ್ಣೋ, ಸಮಾಧಾನ ಐತಾ?"

"ಏನು ಬೇಕು?"

"ಸಮಾಧಾನ. ನಮ್ಮವ್ವಂಗೆ."

"ನಂಗೇ ಇಲ್ಲ ಕಣಪ್ಪ, ನಿಮ್ಮವ್ವಂಗೆ ಎಲ್ಲಿಂದ ತರಲಿ? ಮುಂದೆ ಕೇಳು."

ಔಷಧಿ ಅಂಗಡಿಗೆ ಹೋದ. "ಸಮಾಧಾನ ಐತಾ?" ಅಂದ. ಅಲ್ಲಿದ್ದವನು ತಲೆ ಎತ್ತಲಿಲ್ಲ. "ಡಾಕ್ಟ್ರ ಚೀಟಿ ತಂದಿದ್ದೀಯಾ? ಚೀಟಿ ಇಲ್ದೆ ಕೊಡಲ್ಲ."

ಆಮೇಲೆ ಮಿಕ್ಸಿ, ಗ್ರೈಂಡರ್, ಫ್ರಿಜ್ಜು ಮಾರೋ ಅಂಗಡಿ. ಆ ಅಂಗಡಿಯವನು ಭಾರಿ ಚಾಲಾಕಿ. ಜವರಪ್ಪನ ಮುಖ ನೋಡಿದ, ಕೈಯಲ್ಲಿದ್ದ ದುಡ್ಡಿನ ಗಂಟು ನೋಡಿದ.

"ಐತೆ ಬಾ! ಚಿಕ್ಕದು ಬೇಕೋ, ದೊಡ್ಡದು ಬೇಕೋ?"

"ಅವ್ವಂಗೆ ಬಾಳ ದಿನದಿಂದ ಇಲ್ಲ ಅಣ್ಣ. ದೊಡ್ಡದೇ ಕೊಡು."

ಅಂಗಡಿಯವನು ಫ್ರಿಜ್ಜು ಬಂದ ರಟ್ಟಿನ ಪೆಟ್ಟಿಗೆಗೆ ಮೇಲೂ ಕೆಳಗೂ ಟೇಪು ಸುತ್ತಿ ತಂದಿಟ್ಟು, ದುಡ್ಡಿನ ಗಂಟು ಇಸ್ಕೊಂಡ. ಜವರಪ್ಪ ತಲೆ ಮೇಲೆ ಹೊತ್ಕೊಂಡ.

"ಹಗುರಾಗೈತಲ್ಲಣ್ಣ!"

"ಸಮಾಧಾನ ಅಂದ್ಮೇಲೆ ಹಗುರಾಗೇ ಇರ್ತದೆ ಕಣಯ್ಯ! ದಾರೀಲಿ ತೆಗೆದೀಯಾ ಮತ್ತೆ, ಹಾರೋಗ್ಬುಡ್ತದೆ!"

ಊರಿಗೆ ಬಂದ. ಹೊಂಬಾಳಮ್ಮನ ಸಂಭ್ರಮ ಕೇಳ್ಬೇಡಿ! ರುದ್ರಾಣಿಗೆ ಕಾಣೋ ಹಾಗೆ ಪೆಟ್ಟಿಗೆಯನ್ನ ಬೀದಿಗೆ ಎಳೆಸಿದಳು. ಚಾಕು ತಂದಳು, ಟೇಪು ಕೊಯ್ದಳು, ಒಳಗೆ ಕೈ ಹಾಕಿದಳು, ತಲೆ ಹಾಕಿದಳು, ಸೊಂಟದ ತನಕ ಇಳಿದಳು.

"ಏನ್ಲಾ ಇದು! ಒಳಗೇನೂ ಇಲ್ಲ!"

"ತೆಗೆದ್ಯಲ್ಲವ್ವಾ, ಹಾರೋಯ್ತು! ಮುಚ್ಚು ಮುಚ್ಚು, ಒಂಚೂರಾದ್ರೂ ಉಳ್ಕೊಳ್ಳಲಿ!"

ರುದ್ರಾಣಿ ನಕ್ಕಳು. ಬೀದಿಯೆಲ್ಲ ನಕ್ಕಿತು. ಹೊಂಬಾಳಮ್ಮ ಪೊರಕೆ ತಗೊಂಡಳು.

"ಅಯ್ಯೋ ಬೆಪ್ಪೇ! ಯಾರು ಏನು ಕೊಟ್ರೂ ಕೈ ಒಡ್ಡಿಬುಡೋದಾ! ಇನ್ಮ್ಯಾಕೆ ಯಾವುದೇ ಆಗ್ಲಿ, ಕೈ ಮುಂದೆ ಚಾಚೋಕೆ ಮೊದ್ಲು ನಿಂತ್ಕೋಬೇಕು! ಮೂರು ಸಲ ಉಸಿರು ಎಳ್ದು ಬುಡಬೇಕು! 'ಇದು ನಂಗೆ ಬೇಕಾ?' ಅಂತ ನಿನ್ನೇ ನೀನು ಕೇಳ್ಕೋಬೇಕು! ಬೇಡ ಅನ್ನಿಸ್ತೋ, ಸುಮ್ಕೆ ಮುಂದಕ್ಕೆ ನಡೀತಾ ಇರಬೇಕು!"

ಈ ಮಾತು ಅವಳದಲ್ಲ. ರೇಡಿಯೋದಲ್ಲಿ ಯಾರೋ ಹೇಳಿದ್ದು. ಅವಳಿಗೆ ಬಾಯಿಪಾಠ ಆಗಿತ್ತು, ಅಷ್ಟೇ. ಆ ರಟ್ಟಿನ ಪೆಟ್ಟಿಗೇನೂ ಎಸೀಲಿಲ್ಲ. "ಗಟ್ಟಿಯಾಗೈತೆ, ಇರಲಿ" ಅಂತ ಒಳಗೆ ತುರುಕಿದಳು.

"ಹಂಗಾ ಅವ್ವ? ಇನ್ಮ್ಯಾಕೆ ಹಂಗೇ ಮಾಡ್ತೀನಿ" ಅಂದ ಜವರಪ್ಪ.

ಮಾರನೇ ದಿನ ಹಿಟ್ಟು ಬೀಸಿಸೋಕೆ ಮಿಲ್ಲಿಗೆ ಹೊರಟಿದ್ದಾನೆ. ದಾರೀಲಿ ಗೋಬರ್ ಗ್ಯಾಸಿನ ಗುಂಡಿ. ಟೈಲರ್ ಪುಟ್ಟೀರಪ್ಪ, ಬಿಳೀ ಷರಟು ಬಿಳೀ ಪಂಚೆ, ಮದುವೆಗೆ ಹೊರಟವನು, ಕಾಲು ಜಾರಿ ಎದೆ ಮಟ್ಟ ಸಗಣಿಯಲ್ಲಿ ನಿಂತಿದ್ದಾನೆ!

"ಜವರಾ! ಲೋ ಜವರಾ! ಕೈ ಕೊಡೋ!"

ಜವರಪ್ಪ ಕೈ ಚಾಚಬೇಕು ಅಂದ್ಕೊಂಡ. ಅವ್ವನ ಮಾತು ನೆನಪಾಯ್ತು. ನಿಂತ್ಕೊಂಡ. ಕಣ್ಣು ಮುಚ್ಚಿದ. ಒಂದು ಸಲ ಉಸಿರೆಳೆದ, ಬಿಟ್ಟ.

"ಬೇಗ ಕಣೋ!"

ಎರಡನೇ ಸಲ ಎಳೆದ, ಬಿಟ್ಟ.

"ಇಳೀತಾ ಇದೀನಿ ಕಣೋ!"

ಮೂರನೇ ಸಲ ಎಳೆದ, ಬಿಟ್ಟ. ಕಣ್ಣು ತೆಗೆದು ಪುಟ್ಟೀರಪ್ಪನ್ನ ಮೇಲಿಂದ ಕೆಳಗೆ ನೋಡಿದ. 'ಇದು ನಂಗೆ ಬೇಕಾ?' ಅಂತ ಕೇಳ್ಕೊಂಡ.

"ಬೇಡ" ಅಂದ. ಮಿಲ್ಲಿನ ಕಡೆ ನಡೆದ.

ಯಾರೋ ಹಗ್ಗ ಹಾಕಿ ಎಳೆದರು ಅನ್ನಿ. ಪುಟ್ಟೀರಪ್ಪ ಮೈತುಂಬ ಸಗಣಿ ಮೆತ್ಕೊಂಡು ನೇರ ಹೊಂಬಾಳಮ್ಮನ ಜಗಲಿಗೇ ಬಂದ. "ನೋಡಕ್ಕ! ನಾನು ಇವನಿಗೆ ಬೇಡವಂತೆ! ನಿನ್ನ ಮಗ ಹುಟ್ಟಿದಾಗಿಂದ ಚಡ್ಡಿ ಹೊಲ್ಕೊಟ್ಟವನು ನಾನು!"

"ಅಯ್ಯೋ ಪಾಪಿ!" ಅಂದಳು ಅವ್ವ. "ಮನುಷ್ಯರು ಬಿದ್ದಿರೋದು ಕಂಡ್ರೆ ಯೋಚ್ನೆ ಮಾಡ್ತಾ ನಿಲ್ತಾರೇನ್ಲಾ! ಯಾರೇ ಬಿದ್ದಿರಲಿ, ಎರಡೂ ಕೈ ಹಿಡ್ಕೊಂಡು, ದರದರ ಎಳ್ದು, ಎತ್ತಿ ನಿಲ್ಲಿಸ್ಬೇಕು! ಕೇಳಿಸ್ತಾ!"

"ಕೇಳಿಸ್ತು ಕಣವ್ವ. ಇನ್ಮ್ಯಾಕೆ ಹಂಗೇ ಮಾಡ್ತೀನಿ."

ಅದೇ ವಾರ ಊರ ಛತ್ರಕ್ಕೆ ಒಬ್ಬರು ಗುರೂಜಿ ಬಂದರು. ಗಮನಾನಂದ ಗುರೂಜಿ ಅಂತ. ಏನು ಕಲಿಸ್ತಾರೆ? ಸುಮ್ಮನಿರೋದು ಕಲಿಸ್ತಾರೆ! ಉಣ್ಣುವಾಗ ಉಣ್ಣೋದನ್ನ ಗಮನಿಸಿ, ನಡೆಯುವಾಗ ನಡೆಯೋದನ್ನ ಗಮನಿಸಿ, ಆಸೆ ಬಂದಾಗ ಆಸೆಯನ್ನ ಗಮನಿಸಿ. ಗಮನಿಸಿದರೆ ಅದು ತಾನಾಗೇ ಹೋಗುತ್ತೆ, ಮನಸ್ಸು ತುಂಬುತ್ತೆ. ಹೊಂಬಾಳಮ್ಮನಿಗೆ ಇದೇ ಬೇಕಿತ್ತು. ಮಗನ್ನ ಕರ್ಕೊಂಡು ಕುಂಟ್ತಾ ಕುಂಟ್ತಾ ಹೋದಳು.

ಛತ್ರದ ಬಾಗಿಲಲ್ಲೇ ಒಂದು ಮೇಜು. ಮೇಜಿನ ಮೇಲೆ ಸಾಮಾನು. ಸುಮ್ಮನೆ ಕೂರೋಕೆ ಒಂದು ದಿಂಬು. ಸುಮ್ಮನೆ ಕೂತಿದ್ದು ಸಾಕು ಅಂತ ತಿಳಿಸೋಕೆ ಒಂದು ಗಂಟೆ. ನೀರು ಕುಡಿಯೋದನ್ನ ಗಮನಿಸೋಕೆ ಅಂತಲೇ ಒಂದು ತಾಮ್ರದ ಚೊಂಬು. ಆಮೇಲೆ ಒಂದು ಶಾಲು, ಅದರ ಮೇಲೆ 'ನನಗೇನೂ ಬೇಡ' ಅಂತ ಬರೆದಿತ್ತು. ಮೂರು ಬಣ್ಣದಲ್ಲಿತ್ತು.

ಹೊಂಬಾಳಮ್ಮ ಮೂರೂ ಬಣ್ಣದ್ದು ಕೊಂಡಳು. ದಿಂಬು ಎರಡು ಕೊಂಡಳು. ಗಂಟೆ, ಚೊಂಬು ಹೇಳೋದೇ ಬೇಡ.

"ನೀನು ಇಲ್ಲೇ ಇದನ್ನೆಲ್ಲ ನೋಡ್ಕೊಂಡು ಕೂತಿರು" ಅಂತ ಮಗನಿಗೆ ಹೇಳಿ ಒಳಗೆ ಹೋದಳು. ಒಳಗೆ ನಲವತ್ತು ಜನ. ಗುರೂಜಿ ಮೆತ್ತಗೆ ಹೇಳಿದರು: "ಎಲ್ಲರೂ ನೆಲದ ಮೇಲೆ ಅಂಗಾತ ಮಲಗಿ. ಹೆಣದ ಹಾಗೆ. ಕೈಕಾಲು ಸಡಿಲ ಬಿಡಿ." ಎಲ್ಲರೂ ಬಿದ್ಕೊಂಡರು. ಛತ್ರ ನಿಶ್ಶಬ್ದ.

ಜವರಪ್ಪ ಕಿಟಕೀಲಿ ಇಣುಕಿದ. ನೋಡಿದರೆ ಏನು! ನಲವತ್ತು ಜನ ಬಿದ್ದಿದ್ದಾರೆ! ಅವ್ವಾನೂ ಬಿದ್ದಿದ್ದಾಳೆ!

ನುಗ್ಗಿದ ನೋಡಿ ಒಳಕ್ಕೆ! ಮೊದಲು ಸಿಕ್ಕವಳು ರುದ್ರಾಣಿ. ಎರಡೂ ಕೈ ಹಿಡ್ಕೊಂಡ, ದರದರ ಎಳೆದ, ಎತ್ತಿ ನಿಲ್ಲಿಸಿದ. ಆಮೇಲೆ ಶಾಲೆ ಮೇಷ್ಟ್ರು. ಎಳೆದ, ನಿಲ್ಲಿಸಿದ. ಪುಟ್ಟೀರಪ್ಪ, "ಈಗ ಬೇಡ ಕಣೋ, ಈಗ ಬೇಡ!" ಅಂದ. ಎಳೆದ, ನಿಲ್ಲಿಸಿದ. ನಿಲ್ಲಿಸಿದವರು ಇನ್ನೊಬ್ಬರ ಮೇಲೆ ಬಿದ್ದರು. ಬಿದ್ದರಲ್ಲ ಅಂತ ಅವರನ್ನ ಮತ್ತೆ ಎಳೆದ. ಗಲಾಟೆಯೋ ಗಲಾಟೆ! ಕೊನೆಗೆ ಗುರೂಜೀನೇ ಅಡ್ಡ ಬಂದು ಕೈ ಮುಗಿದರು.

"ಮಗು, ನಿಲ್ಲು. ಯಾರನ್ನೂ ಎಳೆಯಬೇಡ, ಏನನ್ನೂ ಹಿಡಿಯಬೇಡ. ಕಣ್ಣೆದುರು ಏನೇ ನಡೆಯಲಿ, ನೀನು ಸುಮ್ಮನೆ ಕೂತು ನೋಡು. ಬರೋದು ಬರಲಿ, ಹೋಗೋದು ಹೋಗಲಿ. ಬಂದದ್ದಕ್ಕೆ 'ಬಾ' ಅನ್ನು. ಹೋದದ್ದಕ್ಕೆ ನಗುನಗುತ್ತಾ 'ಹೋಗಿ ಬಾ' ಅನ್ನು. ಅಷ್ಟೇ ಸಾಕು."

"ಗುರುಗಳು ಹೇಳಿದ್ದು ಗೊತ್ತಾಯ್ತೇನ್ಲಾ ಕತ್ತೆ? ಅದನ್ನೇ ಮಾಡು!" ಅಂತ ಅವ್ವ ಕಿವಿ ಹಿಂಡಿದಳು.

"ಗೊತ್ತಾಯ್ತು ಕಣವ್ವ. ಇನ್ಮ್ಯಾಕೆ ಹಂಗೇ ಮಾಡ್ತೀನಿ."

ಮಾರನೇ ಬೆಳಿಗ್ಗೆ ಅವ್ವ ಮಗನ್ನ ಮನೇಲೇ ಬಿಟ್ಟು ಶಿಬಿರಕ್ಕೆ ಹೋದಳು. ಹೆಗಲ ಮೇಲೆ 'ನನಗೇನೂ ಬೇಡ', ಹಸಿರು ಬಣ್ಣದ್ದು. ಊರಿಗೆ ಊರೇ ಛತ್ರದಲ್ಲಿತ್ತು. ಬೀದೀಲಿ ನರಪಿಳ್ಳೆ ಇಲ್ಲ. ಆಗ ಬಂತು ಒಂದು ಟೆಂಪೋ. ಇಳಿದರು ಇಬ್ಬರು ಕಳ್ಳರು.

"ಬಾ" ಅಂದ ಜಗಲಿ ಮೇಲೆ ಕೂತಿದ್ದ ಜವರಪ್ಪ.

ಕಳ್ಳರಿಗೆ ಜೀವ ಬಾಯಿಗೆ ಬಂತು. ಒಬ್ಬ ಸುಧಾರಿಸ್ಕೊಂಡು, "ಏನಪ್ಪ, ಇಲ್ಲೇನು ಮಾಡ್ತಿದ್ದೀಯಾ?" ಅಂದ.

"ನೋಡ್ತಾ ಇದೀನಿ."

"ಏನನ್ನ?"

"ಏನು ನಡೀತದೋ ಅದನ್ನ."

ಕಳ್ಳರು ಮುಖ ಮುಖ ನೋಡ್ಕೊಂಡರು. "ನಿಮ್ಮವ್ವ ಸಾಮಾನು ರಿಪೇರಿಗೆ ಕಳಿಸು ಅಂದವಳೆ. ತಗೊಂಡು ಹೋಗೋದಾ?"

"ಹೋಗೋದು ಹೋಗಲಿ" ಅಂದ.

ಒಳಗೆ ಹೋದರು. ಮಿಕ್ಸಿ ಹೊರಗೆ ಬಂತು. ಜವರಪ್ಪ ನಗುನಗುತ್ತಾ, "ಮಿಕ್ಸಿ, ಹೋಗಿ ಬಾ!" ಅಂದ. ಕುಕ್ಕರ್ ಬಂತು. "ಕುಕ್ಕರ್ರೇ, ಹೋಗಿ ಬಾ!" ಫ್ಯಾನು ಬಂತು, ಟೀವಿ ಬಂತು, ಇನ್ನೂ ಕವರು ಬಿಚ್ಚದ ಕುರ್ಚಿ ನಾಲ್ಕು ಬಂದವು. ಎಲ್ಲಕ್ಕೂ ಹೋಗಿ ಬಾ. ಜಗಲಿ ಮೇಲಿದ್ದ ಚಕ್ಕುಲಿ ಒರಳು, ಬಾಣಲೆ ಬಿಟ್ಟು ಎಲ್ಲಾ ಹೊರಟವು. ಮಧ್ಯಾಹ್ನದ ಹೊತ್ತಿಗೆ ಕಳ್ಳರಿಗೆ ಸೊಂಟ ಬಿದ್ದುಹೋಯ್ತು. "ಎಷ್ಟೈತೋ ಮಾರಾಯ ನಿಮ್ಮನೇಲಿ! ಕದಿಯೋಕೂ ಒಂದು ಮಿತಿ ಬೇಡ್ವಾ!" ಅಂತ ಜಗಲಿ ಮೇಲೆ ಕೂತು ಏದುಸಿರು ಬಿಟ್ಟರು. ಜವರಪ್ಪ ನೋಡ್ತಾನೇ ಇದ್ದ. ಅವರೂ ಹೋದರು. ಅವರಿಗೂ "ಹೋಗಿ ಬನ್ನಿ" ಅಂದ.

ಅವ್ವ ಬಂದಳು. ಬಾಗಿಲು ತೆಗೆದಿದೆ. ಒಳಗೆ ನೋಡಿದಳು. ಗೋಡೆ ಇದೆ, ನೆಲ ಇದೆ. ಬೇರೆ ಏನೂ ಇಲ್ಲ!

"ಲೋ! ಮನೆ ಎಲ್ಲಿಗೆ ಹೋಯ್ತೋ!"

"ಮನೆ ಇಲ್ಲೇ ಐತಲ್ಲವ್ವ. ಸಾಮಾನು ಹೋಯ್ತು. ನಗುನಗುತ್ತಾ ಕಳಿಸಿಕೊಟ್ಟೆ."

ಹೊಂಬಾಳಮ್ಮ ಕೂಗಿದ ಕೂಗಿಗೆ ಛತ್ರದಲ್ಲಿ ಮಲಗಿದ್ದವರೂ ಎದ್ದು ಓಡಿಬಂದರು. ಅತ್ತಳು, ಉರುಳಾಡಿದಳು. ಉರುಳಾಡೋಕೆ ಈಗ ಜಾಗ ಇತ್ತು ನೋಡಿ. ಆಮೇಲೆ ಎದ್ದು ಮಗನ ಜುಟ್ಟು ಹಿಡಿದಳು.

"ಕೇಳಿಸ್ಕೋ ಗೂಬೇ! ನಮ್ಮನೇದು ಅನ್ನೋದನ್ನ ಯಾರೇ ತಗೊಂಡು ಹೋಗ್ತಿರಲಿ, ಬಿಡಬೇಡ! ಅವ್ರು ಏನು ಹೇಳಿದ್ರೂ ನಂಬಬೇಡ! ಕಿರುಚ್ಕೊಂಡು ಓಡು, ಕಿತ್ಕೊ, ತಂದು ಒಳಗೆ ಮಡಗು, ಚಿಲಕ ಹಾಕು, ಬಾಗಿಲಿಗೆ ಬೆನ್ನು ಕೊಟ್ಟು ಕೂತ್ಕೊ!"

"ಹಂಗೇ ಮಾಡ್ತೀನಿ ಕಣವ್ವ!"

ಮಾರನೇ ದಿನವೇ ಒಂದು ಮಗು ಚಕ್ಕುಲಿ ಕೊಂಡು ಹೋಗ್ತಿತ್ತು. ಜವರಪ್ಪ ಕಿರುಚ್ಕೊಂಡು ಓಡಿ ಕಿತ್ಕೊಂಡು ಬಂದ. "ಚಕ್ಕುಲಿ ಕೋಡುಬಳೆ ಬಿಟ್ಟು ಮಿಕ್ಕಿದ್ದು ಕಣೋ!" ಅಂತ ಅವ್ವ ಹಲ್ಲು ಕಡಿದಳು. "ಬಿಟ್ಟೆ ಕಣವ್ವ" ಅಂದ.

ಇನ್ನು ಕೇಳಿ, ಇಲ್ಲೊಂದು ವಿಚಿತ್ರ ನಡೀತು. ಅತ್ತು ಅತ್ತು ಸುಸ್ತಾದ ಹೊಂಬಾಳಮ್ಮ ಆ ಮಧ್ಯಾಹ್ನ ಮನೆಯೊಳಗೇ ನೆಲದ ಮೇಲೆ ಅಡ್ಡಾದಳು. ಹಿತ್ತಲ ಕಿಟಕಿಯಿಂದ ಗಾಳಿ ಬಂತು. ಬಿಸಿಲು ಬಂದು ಪಾದದ ಮೇಲೆ ಕೂತಿತು. 'ಇಲ್ಲಿ ಕಿಟಕಿ ಇತ್ತಲ್ಲವಾ, ಮರೆತೇ ಹೋಗಿತ್ತು' ಅಂದ್ಕೊಂಡಳು. ಗಂಡ ಇದ್ದಾಗ ಇದೇ ಕಿಟಕಿ ಕೆಳಗೆ ಇಬ್ಬರೂ ಕೂತು ಅವರೆಕಾಯಿ ಬಿಡಿಸ್ತಿದ್ದರು. ಅದನ್ನ ನೆನೆಸ್ಕೊಂಡು ಇನ್ನೊಂದು ಸ್ವಲ್ಪ ಅತ್ತಳು. ಈ ಅಳು ಬೇರೆ ಥರ ಇತ್ತು. ಅಳ್ತಾ ಅಳ್ತಾ ನಿದ್ದೆ ಹೋದಳು. ಹತ್ತು ವರ್ಷದಲ್ಲಿ ಅಂಥ ನಿದ್ದೆ ಬಂದಿರಲಿಲ್ಲ.

ಎರಡನೇ ದಿನ ಕಳೀತು, ಮೂರನೇ ದಿನ ಬಂತು. ಎದೆ ಖಾಲಿ ಅನ್ನಿಸಲಿಲ್ಲ! ನಾಲ್ಕನೇ ದಿನ ರುದ್ರಾಣಿ ಬಂದು ಖಾಲಿ ನೆಲದ ಮೇಲೆ ಕಾಲು ನೀಡಿ ಕೂತು ಸಂಜೆ ತನಕ ಮಾತಾಡಿದಳು. ಇಷ್ಟು ವರ್ಷ ಎದುರು ಬದುರು ಇದ್ದೂ ಕೂತು ಮಾತಾಡಿರಲಿಲ್ಲ, ಕೂರೋಕೆ ಜಾಗ ಎಲ್ಲಿತ್ತು? ಹೊಂಬಾಳಮ್ಮ ಹಾಡು ಹೇಳ್ಕೊಂಡು ಚಕ್ಕುಲಿ ಒತ್ತಿದಳು. ಆ ವಾರದ ಚಕ್ಕುಲಿ ತಿಂದವರು "ಏನಕ್ಕ ಹಾಕಿದ್ದೀಯಾ ಇದಕ್ಕೆ?" ಅಂತ ಕೇಳಿದರು. ಏನೂ ಹಾಕಿರಲಿಲ್ಲ.

ಎಂಟನೇ ದಿನ ಸುದ್ದಿ ಬಂತು. ಸಾಮಾನಿನ ಭಾರಕ್ಕೆ ಟೆಂಪೋ ಹಳ್ಳದ ಹತ್ತಿರ ಅಚ್ಚು ಮುರಿದು ಕೂತಿತ್ತಂತೆ. ಕಳ್ಳರು ಅಲ್ಲೇ ಬಿಟ್ಟು ಓಡಿಹೋಗಿದ್ದರಂತೆ. ಊರಿನವರು ಗಾಡಿ ಕಟ್ಕೊಂಡು ಹೋಗಿ ಎಲ್ಲಾ ಹೇರಿ ತಂದರು. "ಪುಣ್ಯವಂತೆ ಕಣಕ್ಕ ನೀನು! ಒಂದು ಚಮಚಾನೂ ಹೋಗಿಲ್ಲ!" ಅಂತ ಒಂದೊಂದಾಗಿ ಒಳಗೆ ಇಟ್ಟರು. ಟೀವಿ ಬಂತು, ಕುರ್ಚಿ ಬಂದವು. ಕೊನೆಗೆ ಬೀರು ಬಂದು ಕಿಟಕಿಗೆ ಅಡ್ಡ ನಿಂತಿತು. ಮನೆ ಕತ್ತಲಾಯ್ತು.

ಹೊಂಬಾಳಮ್ಮನಿಗೆ ಉಸಿರು ಕಟ್ಟಿತು.

"ಬೇಡ ಕಣ್ರಪ್ಪಾ!" ಅಂದಳು. "ನಂಗೆ ಬೇಡ! ಯಾರ್ಯಾರಿಗೆ ಏನೇನು ಬೇಕೋ ತಗೊಂಡು ಹೋಗಿ! ನಿಜವಾಗಿ ಹೇಳ್ತಿದೀನಿ, ತಗೊಂಡು ಹೋಗಿ!"

ಜನ ಬಿಡ್ತಾರಾ? ಎರಡನೇ ಸಲ ಹೇಳಿಸ್ಕೊಳ್ಳಲಿಲ್ಲ! ಪುಟ್ಟೀರಪ್ಪ ಬೀರು ಹೊತ್ತ. ಮೇಷ್ಟ್ರು ಟೀವಿ ತಬ್ಬಿದರು, ಅವರ ಮನೇಲಿ ಆಗಲೇ ಎರಡಿತ್ತು. ಗಮನಾನಂದ ಗುರೂಜೀನೂ ಬಂದರು, ಆಸೆಯನ್ನ ಗಮನಿಸ್ತಾ ಗಮನಿಸ್ತಾ ಫ್ಯಾನು ಎತ್ಕೊಂಡರು. ಹೊಂಬಾಳಮ್ಮ ಜಗಲಿ ಮೇಲೆ ನಿಂತು ಹತ್ತು ವರ್ಷದಲ್ಲಿ ಮೊದಲ ಸಲ ಬಾಯಿತುಂಬ ನಕ್ಕಳು.

"ಬಾರಕ್ಕ" ಅಂತ ರುದ್ರಾಣಿ ಅವಳ ಕೈ ಹಿಡಿದಳು. "ಎಲ್ಲಾ ಹೋಗಲಿ, ನಮ್ಮನೇಲಿ ಕಾಫಿ ಕುಡೀವಂತೆ ಬಾ." ಇಬ್ಬರೂ ಜಗಲಿ ಇಳಿದರು.

ಆಗ ಬಂದ ಜವರಪ್ಪ! ಮಿಲ್ಲಿಂದ, ತಲೆ ಮೇಲೆ ಹಿಟ್ಟಿನ ಮೂಟೆ. ನೋಡ್ತಾನೆ, ಬೀದಿ ತುಂಬ ಅವರ ಮನೆ ಸಾಮಾನು ಕಾಲು ಬಂದ ಹಾಗೆ ಹೋಗ್ತಿದೆ! ಮೂಟೆ ಎಸೆದ. ಊರು ಹಾರೋ ಹಾಗೆ ಕಿರುಚಿದ.

"ಅಯ್ಯಯ್ಯೋ! ನಮ್ಮನೇದು! ನಮ್ಮನೇದು!"

ಪುಟ್ಟೀರಪ್ಪನ ಬೆನ್ನ ಮೇಲಿಂದ ಬೀರು ಕಿತ್ಕೊಂಡ.

"ನಿಮ್ಮವ್ವನೇ ಕೊಟ್ಟಿದ್ದು ಕಣೋ!"

"ಮೊನ್ನೆ ಬಂದೋರೂ ಹಿಂಗೇ ಅಂದಿದ್ರು!"

ಮೇಷ್ಟ್ರ ಕೈಯಿಂದ ಟೀವಿ ಕಿತ್ಕೊಂಡ. ಗುರೂಜಿ, "ಮಗು, ಹೋಗೋದು ಹೋಗಲಿ..." ಅಂತ ಬಾಯಿ ತೆಗೆದರು. ಫ್ಯಾನು ಕಿತ್ಕೊಂಡ. ಯಾರು ಏನು ಹೇಳಿದರೂ ಕೇಳಲಿಲ್ಲ. ಅವ್ವ ಕೂಗಿದ್ದೂ ಆ ಗಲಾಟೇಲಿ ಕಿವಿಗೆ ಬೀಳಲಿಲ್ಲ. ತಂದ, ಒಳಗೆ ಮಡಗಿದ. ತಂದ, ಒಳಗೆ ಮಡಗಿದ. ಜೋಡೆತ್ತಿನ ಬಲ ಅಲ್ಲವಾ! ಅರ್ಧ ಗಂಟೇಲಿ ಬಾಗಿಲಿಂದ ಮಾಡಿನ ತನಕ ಮನೆ ತುಂಬಿತು. ಬೀದೀಲಿ ಇನ್ನೇನೂ ಇಲ್ಲ.

ಬೆವರು ಒರೆಸ್ಕೊಂಡು ತಿರುಗಿ ನೋಡಿದ. ಎದುರು ಮನೆ ಮೆಟ್ಟಿಲ ಮೇಲೆ ರುದ್ರಾಣಿ! ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗ್ತಿದ್ದಾಳೆ! ಯಾರನ್ನ? ಅವ್ವನ್ನ!

"ನಮ್ಮನೇದು!" ಅಂತ ಕಿರುಚಿ ಓಡಿದ. ಕಿತ್ಕೊಂಡ. ಅವ್ವ "ಲೋ! ಲೋ! ನಾನು ಕಣ್ಲಾ!" ಅಂತ ಕೈಕಾಲು ಬಡೀತಾ ಇದ್ದ ಹಾಗೇ ಹೆಗಲ ಮೇಲೆ ಹಾಕ್ಕೊಂಡು ಬಂದ. ಒಳಗೆಲ್ಲೂ ಜಾಗ ಇರಲಿಲ್ಲ. ಎರಡು ಬೀರುವಿನ ನಡುವೆ, ಕುರ್ಚಿಗಳ ಮೇಲೆ, ಕುಕ್ಕರಿನ ಪಕ್ಕದಲ್ಲಿ ಜೋಪಾನವಾಗಿ ಮಡಗಿದ. ಚಿಲಕ ಹಾಕಿದ. ಬಾಗಿಲಿಗೆ ಬೆನ್ನು ಕೊಟ್ಟು ಕೂತ.

"ಬಾಗ್ಲು ತೆಗಿಯೋ ಪಾಪಿ!" ಅಂತ ಒಳಗಿಂದ ಕೂಗು.

"ಸುಮ್ಕಿರವ್ವ!" ಅಂದ ಜವರಪ್ಪ. ಆಮೇಲೆ ಬೀದೀಲಿ ನಿಂತ ಜನಕ್ಕೆಲ್ಲ ಕೇಳೋ ಹಾಗೆ ಹೆಮ್ಮೆಯಿಂದ ಹೇಳಿದ: "ಈ ಸಲ ಒಂದನ್ನೂ ಬಿಟ್ಟಿಲ್ಲ. ಅವ್ವಾನೂ ಸೇರಿ ಸಾಮಾನೆಲ್ಲಾ ಒಳಗೈತೆ!"